ಮ್ಯಾಟಿನ ಸುಕ್ಕು

ಲೋಂಡಾದ ಕಡೆಯಿಂದ ಬಂದ ಪ್ಯಾಸೆಂಜರ್ ಗಾಡಿ ಖಾನಾಪುರ ಬಿಟ್ಟು ಇನ್ನೂ ಸರಿಯಾಗಿ ಓಟ ಹಿಡಿದಿರಲಿಲ್ಲ, ಎದುರು ಬೆಂಚಿನ ಮುದುಕ ಉಳವಪ್ಪನ ಮುಖವನ್ನು ಅಳೆದು ನೋಡತೊಡಗಿದ. ಉಳವಪ್ಪ ಕಿಟಕಿಯ ಕಡೆ ತಿರುಗಿದ. ಹೀಗೆ ನೋಡಿಸಿಕೊಳ್ಳುವುದು ಅವನಿಗೆ ಈಚೆಗೆ ರೂಢಿಯಾಗಿತ್ತು; ಅದರ ಬೆನ್ನಿಗೆ ಬರುವ ಪ್ರಶ್ನೆ ಮಾತ್ರ ಇನ್ನೂ ರೂಢಿಯಾಗಿರಲಿಲ್ಲ. “ತಮ್ಮಾ, ನೀ ಕಟಗಿ ಅಡ್ಡೆದ ದುಂಡಪ್ಪನ ಮಗ ಹೌದಲ್ಲೋ? ಬೆಳಗಾವ್ಯಾಗ ಬ್ಯಾಂಕಿನ ಸಾಹೇಬ್ರ ಹಲ್ಲ ಉದುರಿಸಿದಾಂವ?” ಎಂದು ಮುದುಕ ಕೇಳಿಯೇ ಬಿಟ್ಟ. ಹಾಲಿನ ಕ್ಯಾನುಗಳ ನಡುವೆ ತೂಕಡಿಸುತ್ತಿದ್ದವರೆಲ್ಲ ಎಚ್ಚೆತ್ತು ತಿರುಗಿದರು. ಹೌದೆಂದು ತಲೆಯಾಡಿಸುವಾಗ ಉಳವಪ್ಪನ ಎದೆಯಲ್ಲಿ ಒಂದು ಸುಖ ಎದ್ದಿತು, ಅದರ ಹಿಂದೆಯೇ ಒಂದು ನಾಚಿಕೆ. ಎರಡೂ ಜೋಡಿಯಾಗಿಯೇ ಬರುತ್ತಿದ್ದವು. ಒಂದನ್ನು ಒಳಗೆ ಕರೆದು ಇನ್ನೊಂದನ್ನು ಹೊರಗೆ ನಿಲ್ಲಿಸುವಂತಿರಲಿಲ್ಲ. ಕಾಲಬುಡದ ಚೀಲದಲ್ಲಿ ಬಿಳಿ ಬಟ್ಟೆ, ಬೂಟುಗಳ ಜೊತೆ ಒಂದು ಸುತ್ತಿಗೆ, ಅಪ್ಪನ ಕಟ್ಟಿಗೆ ಅಡ್ಡೆಯಿಂದ ತಂದ ಉದ್ದನೆಯ ಮೊಳೆಗಳು, ಅವ್ವ ಕೊಟ್ಟ ಹುಗ್ಗಿಯ ಡಬ್ಬಿ ಇದ್ದವು. ಗಾಡಿ ಕುಲುಕಿದಾಗಲೆಲ್ಲ ಸುತ್ತಿಗೆ ಹೋಗಿ ಡಬ್ಬಿಗೆ ಬಡಿಯುತ್ತಿತ್ತು. ಬೆಂಗಳೂರಿನಿಂದ ಬರುವ ದೊಡ್ಡವರೆದುರು ಬೌಲಿಂಗ್ ಮಾಡಿ ರಾಜ್ಯ ತಂಡಕ್ಕೆ ಆಯ್ಕೆಯಾಗಲು ಹೊರಟವನು ಸುತ್ತಿಗೆ ಒಯ್ಯುವುದನ್ನು ಕಂಡರೆ ಇವರೆಲ್ಲ ಏನೆಂದುಕೊಂಡಾರು ಎಂದು ಅವನು ಚೀಲವನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದ.

“ಹೆಂಗ ಬಿತ್ತೋ ಆ ಚೆಂಡು, ಖರೇ ಹೇಳು,” ಎಂದ ಮುದುಕ. “ಬಿತ್ರೀ, ಹಂಗ,” ಎಂದ ಉಳವಪ್ಪ. ಇದಕ್ಕಿಂತ ಹೆಚ್ಚಿಗೆ ಅವನು ಯಾರಿಗೂ ಹೇಳಿರಲಿಲ್ಲ, ಹೇಳುವ ಅಗತ್ಯವೂ ಬಿದ್ದಿರಲಿಲ್ಲ, ಯಾಕೆಂದರೆ ಚೆಂಡು ಹೇಗೆ ಬಿತ್ತೆಂದು ಅವನಿಗಿಂತ ಊರೇ ಚೆನ್ನಾಗಿ ಹೇಳುತ್ತಿತ್ತು. ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ. ದೇಶದಲ್ಲಿ ಚೆಂಡು ತಿರುಗಿಸುವವರಿಗೇನೂ ಬರವಿರಲಿಲ್ಲ, ಜೋರಾಗಿ ಎಸೆಯುವವನೆಲ್ಲಿದ್ದಾನೆ ಎಂದು ಪೇಪರಿನವರು ಹಗಲೆಲ್ಲ ಹಲುಬುತ್ತಿದ್ದರು. ಅಂಥದರಲ್ಲಿ ಬೆಳಗಾವಿಯ ಕ್ಯಾಂಪಿನ ಮೈದಾನದಲ್ಲಿ, ಮಳೆಗಾಲ ಕಳೆದ ಮೇಲಿನ ಒಂದು ಭಾನುವಾರ, ಖಾನಾಪುರದಿಂದ ಬರುವ ಒಬ್ಬ ಬಡಕಲು ಹುಡುಗನ ಚೆಂಡು ನೆಲದಿಂದ ಸಿಡಿದೆದ್ದು ಬಾಳಕೃಷ್ಣರ ಬಾಯಿಗೆ ಬಡಿದಿತ್ತು. ಬಾಳಕೃಷ್ಣ ಅಂದರೆ ಸಾಮಾನ್ಯ ಆಸಾಮಿಯಲ್ಲ. ಬ್ಯಾಂಕಿನಲ್ಲಿ ಕಾರಕೂನಿಕೆ ಹೊಟ್ಟೆಪಾಡಿಗೆ, ಬ್ಯಾಟಿಂಗ್ ಮಾತ್ರ ಬದುಕಿಗೆ. ಊರಿನ ಕ್ಲಬ್ಬುಗಳಲ್ಲಿ ಯಾವ ಬೌಲರನಿಗೂ ಒಂದು ಹೆಜ್ಜೆ ಹಿಂದೆ ಸರಿದವರಲ್ಲ. ಅವರು ಮೊಣಕಾಲೂರಿ ಕೂತದ್ದು, ಕೈಬೆರಳ ಸಂದಿಯಿಂದ ರಕ್ತ ಇಳಿದದ್ದು, ಪಿಚ್ಚಿಗೆ ಹಾಸಿದ್ದ ಮ್ಯಾಟಿನ ನಾರಿನ ಮೇಲೆ ಎರಡು ಬಿಳಿಯ ಚೂರು ಬಿದ್ದಿದ್ದು, ಎಲ್ಲವೂ ಉಳವಪ್ಪನಿಗೆ ಈ ಗಾಡಿಯ ಕಿಟಕಿಯ ಹೊರಗೂ ಕಾಣುತ್ತಿತ್ತು. ಅವನಿಗೆ ಮರೆಯಲಾಗದ್ದು ಅದಲ್ಲ. ಚೆಂಡು ಸಿಡಿದೆದ್ದ ಆ ಒಂದು ಕ್ಷಣ, ರಕ್ತ ಕಾಣುವ ಮುಂಚೆ, ಅವನ ಮೈಯೆಲ್ಲ ಕುಣಿದಿತ್ತು. ಇದು ನಾನು ಹಾಕಿದ್ದು, ನಾನು, ಎಂದು ಒಳಗೆ ಯಾರೋ ಕೂಗಿದ್ದರು.

ಆಮೇಲೆ ಎಲ್ಲರೂ ಬಾಳಕೃಷ್ಣರ ಸುತ್ತ ನೆರೆದಾಗ ಅವನ ಕಣ್ಣು ಮ್ಯಾಟಿನ ಅಂಚಿಗೆ ಹೋಗಿತ್ತು. ಮೊಳೆಯಿರಬೇಕಾದ ಒಂದು ತೂತು ಬರಿದಾಗಿತ್ತು. ಅಲ್ಲಿಂದ ಮ್ಯಾಟು ಸಡಿಲವಾಗಿ, ಚೆಂಡು ಬಿದ್ದ ಜಾಗದಲ್ಲೇ ಅಡ್ಡಕ್ಕೆ ಒಂದು ಸುಕ್ಕು ಎದ್ದಿತ್ತು. ಆ ತೂತಿನ ಸಂಗತಿ ಜಗತ್ತಿನಲ್ಲಿ ಅವನೊಬ್ಬನಿಗೇ ಗೊತ್ತು, ಯಾಕೆಂದರೆ ಬೆಳಿಗ್ಗೆ ಮ್ಯಾಟು ಹಾಸಿದವನು ಅವನೇ. ಕ್ಲಬ್ಬಿನಲ್ಲಿ ಮೊದಲು ಬಂದವನು ಮ್ಯಾಟು ಹಾಸಬೇಕೆಂಬ ಪದ್ಧತಿ. ಪೇಟೆಯ ಹುಡುಗರು ಮನೆಯಲ್ಲಿ ನಾಷ್ಟಾ ಮುಗಿಸಿ, ಸೈಕಲ್ಲಿಗೆ ಬ್ಯಾಟು ಕಟ್ಟಿಕೊಂಡು ಆರಾಮಾಗಿ ಬರುತ್ತಿದ್ದರು. ಖಾನಾಪುರದ ಗಾಡಿಗೆ ಮಾತ್ರ ಆರಾಮೆಂಬುದಿಲ್ಲ, ಹಾಗಾಗಿ ಆ ಪದ್ಧತಿಯೆಲ್ಲ ಉಳವಪ್ಪನೊಬ್ಬನ ತಲೆಗೇ ಗಂಟು ಬಿದ್ದಿತ್ತು. ಆ ದಿನ ಒಂದು ಮೊಳೆ ಹೊಡೆಯುವಾಗ ಕೆಳಗೆ ಕಲ್ಲು ಸಿಕ್ಕಿ ಮೊಳೆ ಸೊಟ್ಟಗಾಯಿತು. ತೆಗೆದು ಮತ್ತೆ ಹೊಡೆದ, ಮತ್ತೆ ಸೊಟ್ಟಗಾಯಿತು. ಹೊಟ್ಟೆ ಹಸಿದಿತ್ತು, ಅಷ್ಟರಲ್ಲಿ ಬಂದ ಬಾಕಿಯವರು ನೆರಳಿನಲ್ಲಿ ಕೂತು ನಗುತ್ತಿದ್ದರು. ಹಾಳಾಗಿ ಹೋಗಲಿ, ಒಂದು ಮೊಳೆಗೇನು, ಎಂದು ಅದನ್ನು ಹುಲ್ಲಿಗೆಸೆದು ಕೈ ಝಾಡಿಸಿಕೊಂಡಿದ್ದ. ಹಾಗಾದರೆ ಆ ಚೆಂಡು ಯಾರದು? ತೋಳಿನದೋ, ಸುಕ್ಕಿನದೋ? ಹೆಸರು ಬಂತು, ಆಯ್ಕೆ ಪಂದ್ಯಕ್ಕೆ ಕರೆಯೂ ಬಂತು. ಇವೆಲ್ಲ ಒಂದು ಸೋಮಾರಿತನಕ್ಕೆ ಸಿಕ್ಕ ಬಹುಮಾನವೇ ಎಂದು ಯೋಚಿಸುತ್ತ ಅವನು ರಾತ್ರಿ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ.

ಅಪ್ಪ ದುಂಡಪ್ಪ ಕ್ರಿಕೆಟ್ಟನ್ನು ಕಣ್ಣಾರೆ ಕಂಡವನಲ್ಲ. ಆದರೂ ಅಡ್ಡೆಗೆ ತೊಲೆ ಕೊಳ್ಳಲು ಬಂದವರಿಗೆಲ್ಲ ಮೊದಲು ಮಗನ ಚೆಂಡಿನ ಕಥೆ, ಆಮೇಲೆ ಸಾಗವಾನಿ ದರ. ಅವನ ಬಾಯಲ್ಲಿ ಹಲ್ಲುಗಳ ಸಂಖ್ಯೆ ಪ್ರತಿ ಸಂತೆಗೂ ಏರುತ್ತಿತ್ತು. ಅವ್ವ ಗೌರವ್ವನ ರೀತಿ ಬೇರೆ. “ಒಬ್ಬರ ಬಾಯಿ ಒಡದು ಹೆಸರ ತಗೊಳ್ಳೂದು ಎಂಥಾ ಆಟೋ ಅದು?” ಎಂದು ಒಂದೇ ಸಲ ಕೇಳಿ ಸುಮ್ಮನಾಗಿದ್ದಳು. ಉಳವಪ್ಪ ಮರುದಿನವೇ ಬೆಳಗಾವಿಗೆ ಹೋಗಿ ದವಾಖಾನೆಯ ಗೇಟಿನ ತನಕ ನಡೆದಿದ್ದ. ಒಳಗಿನಿಂದ ಬಾಳಕೃಷ್ಣರ ಹೆಂಡತಿ ಸುಹಾಸಿನಿ ಗಂಜಿಯ ಪಾತ್ರೆ ಹಿಡಿದು ಹೊರಗೆ ಬರುವುದನ್ನು ಕಂಡಿದ್ದೇ, ಪರಿಚಯವಿಲ್ಲದವನ ಹಾಗೆ ದಾರಿ ಬಿಟ್ಟು ನಿಂತು, ಆಮೇಲೆ ಕೋಟೆಯ ಕಂದಕದ ದಂಡೆಗೆ ಹೋಗಿ ಮಧ್ಯಾಹ್ನದ ಗಾಡಿಯ ಹೊತ್ತಿನವರೆಗೂ ನೀರಿಗೆ ಹರಳು ಎಸೆಯುತ್ತ ಕೂತಿದ್ದ. ಎಸೆಯುವಾಗಲೂ ಕೈ ತಾನಾಗಿಯೇ ಕಿವಿಯ ಪಕ್ಕದಿಂದ ನೆಟ್ಟಗೆ ಮೇಲೆ ಹೋಗುತ್ತಿತ್ತು, ಅದಕ್ಕೂ ನಾಚಿಕೆಯಾಗಿತ್ತು. ಈವತ್ತು ಹೊರಡುವಾಗ ಅವ್ವ ಹುಗ್ಗಿಯ ಡಬ್ಬಿಯನ್ನು ಚೀಲದಲ್ಲಿ ತುರುಕಿ, “ಗೋದಿ ಛಲೋತ್ನಂಗ ಬೇಯಿಸೀನಿ, ಹಲ್ಲಿಲ್ಲದವರಿಗೂ ನುಂಗಾಕ ಬರತೈತಿ. ಕೈಯಾಗ ಕೊಟ್ಟು ಬಾ,” ಎಂದಿದ್ದಳು. ಬಾಳಕೃಷ್ಣರು ಈ ದಿನ ಎದುರು ತಂಡದಲ್ಲಿ ಆಡುತ್ತಾರೆಂದು ಅವಳಿಗೆ ಅವನು ಹೇಳಿರಲಿಲ್ಲ. ಬೌಲರುಗಳನ್ನು ಒರೆಗೆ ಹಚ್ಚಲು ಒಬ್ಬ ಗಟ್ಟಿ ಬ್ಯಾಟುಗಾರ ಬೇಕೆಂದು ಆಯ್ಕೆಗಾರರೇ ಅವರನ್ನು ಕೇಳಿಕೊಂಡಿದ್ದರಂತೆ.

ಮೈದಾನದಲ್ಲಿ ಇನ್ನೂ ಇಬ್ಬನಿ ಇತ್ತು. ಯಾವ ಸೈಕಲ್ಲೂ ಬಂದಿರಲಿಲ್ಲ. ಉಳವಪ್ಪ ಕೋಣೆಯ ಬೀಗ ತೆಗೆಸಿ, ಮ್ಯಾಟಿನ ಸುರುಳಿಗೆ ಭುಜ ಕೊಟ್ಟು ತಳ್ಳಿಕೊಂಡು ಬಂದು ಬಿಚ್ಚಿದ. ಅಂಚಿನ ತೂತುಗಳಿಗೆ ಒಂದೊಂದೇ ಮೊಳೆ ಇಟ್ಟು ಬಡಿಯುತ್ತ, ಆ ಜಾಗಕ್ಕೆ ಬಂದಾಗ ಮ್ಯಾಟನ್ನು ಮಡಚಿ ಪಕ್ಕಕ್ಕೆ ಸರಿಸಿ ನೆಲ ಅಗೆಯತೊಡಗಿದ. ಕಲ್ಲು ಅವನು ಅಂದುಕೊಂಡದ್ದಕ್ಕಿಂತ ಸಣ್ಣದಿತ್ತು. ಮುಷ್ಟಿಯಷ್ಟು ಕೆಂಪು ಕಲ್ಲು. ಇಷ್ಟೇ ಇಷ್ಟಿದ್ದುದು ತನ್ನ ಇಷ್ಟು ದಿನದ ನಿದ್ದೆ ತಿಂದಿತಲ್ಲ ಎಂದು ಅವನಿಗೆ ಸಿಟ್ಟೂ ನಗುವೂ ಬಂತು. ತೆಗೆದೆಸೆದು, ಹಸಿಮಣ್ಣು ತುಂಬಿ ತುಳಿದು, ಅಡ್ಡೆಯ ಉದ್ದನೆಯ ಮೊಳೆಯನ್ನು ಹೊಡೆದ. ಮೊಳೆ ತಲೆಯವರೆಗೆ ಇಳಿಯಿತು. ಅದನ್ನೇ ಬೆರಳಿನಿಂದ ಎಳೆದು ನೋಡುತ್ತಿದ್ದಾಗ ಪಕ್ಕದಲ್ಲಿ ಬಿಳಿಯ ಬೂಟುಗಳು ಬಂದು ನಿಂತವು. ತಲೆ ಎತ್ತಿದರೆ ಬಾಳಕೃಷ್ಣ. ಮೇಲ್ದುಟಿಯ ಮೇಲೆ ಹೊಲಿಗೆಯ ಗುರುತು, ಅದರ ಕೆಳಗೆ ಹೊಸ ಹಲ್ಲುಗಳು, ಉಳಿದ ಹಲ್ಲುಗಳಿಗಿಂತ ಬೆಳ್ಳಗೆ.

“ಕಾಯ ರೇ, ಏನೋ ಉಳವಾ, ಇವತ್ತ ಮ್ಯಾಟಿಗೆ ಭಾಳ ಸೇವಾ ನಡದೈತಿ,” ಎಂದರು. ಉಳವಪ್ಪ ಧಡಕ್ಕನೆ ಎದ್ದ. ಸುತ್ತಿಗೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಹಿಡಿದ. “ಸರ, ಒಂದ ಮಾತ ಹೇಳೂದೈತ್ರಿ. ಆವತ್ತ ಇಲ್ಲೆ...” ಎಂದು ಶುರುಮಾಡಿದ. ಬಾಳಕೃಷ್ಣ ಕೈ ಎತ್ತಿ ತಡೆದರು. “ಇಲ್ಲೆ ಮೊಳಿ ಇರಲಿಲ್ಲ. ಗೊತ್ತೈತಿ. ನಾ ಬ್ಯಾಟಿಂಗ್‌ಗೆ ಬಂದಾಗನ ನೋಡಿದ್ನಿ. ಬೂಟಿಲೆ ಎರಡ ಸಲ ತುಳದ್ನಿ, ಕುಂತಂಗಾತು. ಈ ಖಾನಾಪುರದ ಪೋರ ಎಷ್ಟ ಜೋರ ಹಾಕ್ಯಾನು ಅಂತ ಬಿಟ್ಟ ಬಿಟ್ನಿ.” ಉಳವಪ್ಪನ ಕೈಯ ಸುತ್ತಿಗೆ ಬೆನ್ನ ಹಿಂದಿನಿಂದ ಕೆಳಗಿಳಿಯಿತು. ಇಷ್ಟು ದಿನ ತನ್ನೊಬ್ಬನದೇ ಎಂದು ಹೊತ್ತುಕೊಂಡು ತಿರುಗಿದ್ದರ ಅರ್ಧ ಈ ಮನುಷ್ಯನ ಹತ್ತಿರವೂ ಇತ್ತು! “ಮತ್ತ ಯಾರಿಗೂ ಯಾಕ ಹೇಳಲಿಲ್ರೀ?” ಎಂದ. ಅದಕ್ಕೆ ಬಾಳಕೃಷ್ಣ ಅತ್ತಿತ್ತ ನೋಡಿ, ದನಿ ತಗ್ಗಿಸಿ ಹೇಳಿದರು: “ಏನಂತ ಹೇಳ್ಲಿ? ಬಾಳಕೃಷ್ಣನ ಹಲ್ಲ ಹೋದದ್ದು ಒಂದ ಸುಕ್ಕಿಗೆ ಅಂತ? ಅದರಕಿಂತಾ ಜೋರ ಚೆಂಡಿಗೆ ಹೋತು ಅನ್ನೂದು ಛಲೋ ಅಲ್ಲೇನು? ಬ್ಯಾಂಕಿನಾಗ, ಮನ್ಯಾಗ, ಕೇಳಿದವರಿಗೆಲ್ಲ ಅದನ್ನ ಹೇಳೀನಿ, ಇಂಥಾ ಸ್ಪೀಡ್ ಜನ್ಮದಾಗ ನೋಡಿಲ್ಲ ಅಂತ. ಇವತ್ತ ನೀ ನನಗ ಹೆದರಿ ಸಾವಕಾಶ ಹಾಕಿದ್ರ ನಾ ಯಾವ ಮಾರಿ ತಗೊಂಡು ಊರಾಗ ಅಡ್ಡಾಡ್ಲಿ?”

ಉಳವಪ್ಪ ಚೀಲಕ್ಕೆ ಕೈ ಹಾಕಿ ಹುಗ್ಗಿಯ ಡಬ್ಬಿ ಹೊರತೆಗೆದು ಚಾಚಿದ. “ಅವ್ವ ಕೊಟ್ಟಾಳ್ರಿ. ಮೆತ್ತಗ ಐತಿ ಅಂದ್ಲು.” ಬಾಳಕೃಷ್ಣ ಮುಚ್ಚಳ ತೆಗೆದು ಮೂಸಿದರು. ಹೊಲಿಗೆ ಬಿದ್ದ ತುಟಿ ಒಂದು ಕಡೆಗೆ ಎಳೆದುಕೊಂಡಿತು; ಅದು ನಗುವೆಂದು ತಿಳಿಯಲು ಉಳವಪ್ಪನಿಗೆ ಸ್ವಲ್ಪ ಹೊತ್ತು ಹಿಡಿಯಿತು. “ಆಟ ಮುಗದ ಮ್ಯಾಲೆ ತಿಂತೀನಿ. ಔಟ್ ಮಾಡಿದ್ರ ಮಾತ್ರ,” ಎಂದು ಡಬ್ಬಿಯನ್ನು ಕಂಕುಳಲ್ಲಿ ಒತ್ತಿಕೊಂಡು ಮೈದಾನದಂಚಿನ ಡೇರೆಯ ಕಡೆ ನಡೆದರು.

ಹಾಗೆಂದು ಎಲ್ಲವೂ ಸಲೀಸಾಗಲಿಲ್ಲ. ಹಗುರಾಗಬೇಕಿದ್ದ ಮನಸ್ಸು ಇನ್ನೂ ಭಾರವಾಯಿತು. ಈ ಮೊದಲು ಸುಳ್ಳು ಅವನೊಬ್ಬನದಾಗಿತ್ತು, ಈಗ ಇಬ್ಬರ ಮಾನ ಅದರ ಮೇಲೆ ನಿಂತಿತ್ತು, ಆ ಸುಳ್ಳನ್ನು ಖರೆ ಮಾಡುವ ಕೆಲಸ ಅವನ ತೋಳಿಗೆ ಬಿದ್ದಿತ್ತು. ಆಟ ಶುರುವಾದಾಗ ಕಪ್ತಾನ ಕೃಷ್ಣಾಜಿ ಹೊಸ ಚೆಂಡನ್ನು ಕೈಗಿತ್ತು ಬೆನ್ನು ತಟ್ಟಿದ. ಡೇರೆಯಲ್ಲಿ ಬೆಂಗಳೂರಿನ ಆಯ್ಕೆಗಾರರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಉಳವಪ್ಪ ಓಡಿ ಬಂದ. ಗೆರೆಯ ಹತ್ತಿರ ಬರುತ್ತಲೇ ಕಣ್ಣ ಮುಂದೆ ಬಾಯಿಯೊಂದು ತೆರೆದುಕೊಂಡಿತು, ತೋಳು ತಾನಾಗಿಯೇ ಹಿಂಜರಿಯಿತು, ಚೆಂಡು ಮದುವೆಗೆ ಹೊರಟ ಬೀಗರ ಹಾಗೆ ನಿಧಾನಕ್ಕೆ ಹೋಯಿತು. ಹುಬ್ಬಳ್ಳಿಯಿಂದ ಬಂದಿದ್ದ ಎಳೆಯ ಬ್ಯಾಟುಗಾರ ಅದನ್ನು ಬೌಂಡರಿಗೆ ಅಟ್ಟಿದ. ಮುಂದಿನದನ್ನೂ ಅಟ್ಟಿದ. ಎರಡನೆಯ ಓವರಿಗೆ ಆಯ್ಕೆಗಾರರಲ್ಲೊಬ್ಬರು ಪೇಪರು ಬಿಚ್ಚಿಕೊಂಡರು. ಇನ್ನೊಂದು ಓವರಿನ ನಂತರ ಕೃಷ್ಣಾಜಿ ಚೆಂಡು ಇಸಿದುಕೊಂಡು, “ಆರಾಮ ಇಲ್ಲೇನೋ? ಹೋಗು, ಬೌಂಡ್ರಿಗೆ ನಿಂದರು,” ಎಂದ. ಅವನ ದನಿಯಲ್ಲಿ ಬೈಗುಳವಿರಲಿಲ್ಲ, ಮರುಕವಿತ್ತು. ಬೈದಿದ್ದರೆ ಎಷ್ಟೋ ಚಲೋ ಇತ್ತು.

ಬೌಂಡರಿ ಡೇರೆಗೆ ಹತ್ತಿತ್ತು. ಬೆನ್ನಿಗೆ ಚಹದ ಬಸಿಗಳ ಸದ್ದು, ಮಾತು, ಎಲ್ಲ ಕೇಳುತ್ತಿತ್ತು. “ಹಲ್ಲು ಉದುರಿಸಿದವನು ಇವನೇ ಏನ್ರೀ?” ಎಂದರು ಪೇಪರು ಬಿಚ್ಚಿದ್ದ ಆಯ್ಕೆಗಾರರು. “ಇವನೇ ಅಂತಾರೆ,” ಎಂದರು ಇನ್ನೊಬ್ಬರು. “ಹಾಗಾದರೆ ಆ ಹಲ್ಲು ಮೊದಲೇ ಅಲ್ಲಾಡ್ತಾ ಇದ್ದಿರಬೇಕು ಬಿಡಿ.” ನಕ್ಕರು. ಉಳವಪ್ಪನ ಕಿವಿ ಬಿಸಿಯಾಯಿತು. ವಿಚಿತ್ರವೆಂದರೆ, ಅವನಿಗೆ ನೋವಾದದ್ದು ತನಗಾಗಿ ಅಲ್ಲ. ತುಸು ದೂರದಲ್ಲೇ, ಮುಂದಿನ ಸರದಿಗೆ ಪ್ಯಾಡು ಕಟ್ಟಿ ಕೂತಿದ್ದ ಬಾಳಕೃಷ್ಣರಿಗೆ ಈ ಮಾತು ಕೇಳಿಸಿತ್ತು. ಅವರು ತಲೆ ಎತ್ತಲಿಲ್ಲ. ಗ್ಲೌಸಿನ ಪಟ್ಟಿಯನ್ನು ಬಿಚ್ಚಿ ಮತ್ತೆ ಬಿಗಿದರು, ಬಿಚ್ಚಿ ಮತ್ತೆ ಬಿಗಿದರು. ಅಡ್ಡೆಯಲ್ಲಿ ಪೇರಿಸಿದ ತೊಲೆಗಳ ಮೇಲೆ ಬರಿಗಾಲಲ್ಲಿ ಓಡುತ್ತಿದ್ದ ದಿನಗಳು ಉಳವಪ್ಪನಿಗೆ ನೆನಪಾದವು. ತೊಲೆ ಉರುಳಿದರೆ ಕಾಲು ಮುರಿಯುತ್ತದೆಂದು ಅಪ್ಪ ಕೆಳಗಿನಿಂದ ಬೈಯುತ್ತಿದ್ದ. ನಿಧಾನಕ್ಕೆ ಹೋದರೇ ತೊಲೆ ಉರುಳುವುದು, ಜೋರಾಗಿ ಓಡಿದರೆ ಅದು ಉರುಳುವ ಮೊದಲು ಕಾಲು ಮುಂದಿನ ತೊಲೆಯ ಮೇಲಿರುತ್ತದೆ ಎಂದು ಅಪ್ಪನಿಗೆ ಹೇಗೆ ತಿಳಿಸುವುದೆಂದು ಗೊತ್ತಿರಲಿಲ್ಲ. ಆಗ ಹೆದರಿಕೆ ಇರಲಿಲ್ಲ ಎಂದಲ್ಲ. ಹೆದರಿಕೆ ಹಿಂದೆ ಬೀಳುತ್ತಿತ್ತು, ಅಷ್ಟೇ.

ಹುಬ್ಬಳ್ಳಿಯವನು ಬೇರೆ ಬೌಲರನ ಓವರಿನ ಕೊನೆಯ ಚೆಂಡನ್ನು ಎತ್ತಿ ಹೊಡೆದು, ಓಡಿ ಜೊತೆಗಾರನನ್ನು ದಾಟಿದ ಮೇಲೆ ಕ್ಯಾಚಾಗಿ ಔಟಾದ. ಬಾಳಕೃಷ್ಣ ಎದ್ದರು. ಅವರು ಅರ್ಧ ದಾರಿ ಬರುವಷ್ಟರಲ್ಲಿ ಉಳವಪ್ಪ ಬೌಂಡರಿಯಿಂದ ಓಡಿಬಂದು ಕೃಷ್ಣಾಜಿಯ ಎದುರು ಕೈ ಚಾಚಿದ್ದ. “ನನಗ ಕೊಡ್ರಿ.” “ಅವರಿಗೆ ಹಾಕ್ತೀಯೇನು? ಬ್ಯಾಡೋ ಮಾರಾಯಾ, ಮತ್ತೇನರ ಆದ್ರ?” ಎಂದ ಕೃಷ್ಣಾಜಿ. “ಕೊಡ್ರಿ ಅಂದ್ನೆಲ್ಲಾ!” ಕಪ್ತಾನನ ಜೊತೆ ಆ ದನಿಯಲ್ಲಿ ಅವನು ಎಂದೂ ಮಾತಾಡಿರಲಿಲ್ಲ. ಕೃಷ್ಣಾಜಿ ಅವನ ಮುಖ ನೋಡಿ ಚೆಂಡು ಕೊಟ್ಟ.

ಬಾಳಕೃಷ್ಣ ಕ್ರೀಸಿಗೆ ಬಂದವರು ಗಾರ್ಡು ಕೇಳಲಿಲ್ಲ. ಬ್ಯಾಟನ್ನು ಕಂಕುಳಿಗೆ ಸಿಕ್ಕಿಸಿ ಸೀದಾ ಅಂಪೈರ್ ಚನ್ನಬಸಯ್ಯನವರ ಕಡೆ ನಡೆದರು. ಬಾಯಿಗೆ ಕೈ ಹಾಕಿ ಹೊಸ ಹಲ್ಲುಗಳನ್ನು ತೆಗೆದು, ಕರವಸ್ತ್ರದಲ್ಲಿ ಸುತ್ತಿ, “ಅಯ್ಯನವರ, ಇವನ್ನಷ್ಟ ಕಿಸೆದಾಗ ಇಟ್ಕೋರಿ,” ಎಂದು ಅವರ ಕೈಗಿಟ್ಟರು. ಚನ್ನಬಸಯ್ಯ ಕೂಸು ಹಿಡಿದವರ ಹಾಗೆ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಮೈದಾನದ ತುಂಬ ನಗು ಎದ್ದಿತು. ಡೇರೆಯಲ್ಲಿ ಪೇಪರು ಕೆಳಗಿಳಿಯಿತು. ಬಾಳಕೃಷ್ಣ ಹಿಂತಿರುಗುವಾಗ ಉಳವಪ್ಪನನ್ನು ನೋಡಿದರು. ಮುಂದಿನ ಹಲ್ಲುಗಳಿಲ್ಲದ ಆ ಬಾಯಿ ತುಸು ತೆರೆದಿತ್ತು. ರಾತ್ರಿಗಳಲ್ಲಿ ಗೋಡೆಯ ಮೇಲೆ ಕಾಣುತ್ತಿದ್ದದ್ದು ಇದೇ ಬಾಯಿ. ಈಗ ಹಗಲಿನಲ್ಲಿ, ಬಿಸಿಲಲ್ಲಿ, ಅದು ಬರೀ ಒಬ್ಬ ಮನುಷ್ಯನ ಬಾಯಿಯಾಗಿತ್ತು, ಮತ್ತು ಅದು ಅವನನ್ನು ಬಾ ಎನ್ನುತ್ತಿತ್ತು.

ಉಳವಪ್ಪ ಓಡಿದ. ಮೊದಲ ಹೆಜ್ಜೆಗಳಲ್ಲಿ ಎಲ್ಲವೂ ಜೊತೆಗೆ ಓಡಿದವು: ದವಾಖಾನೆಯ ಗೇಟು, ಗಂಜಿಯ ಪಾತ್ರೆ, ಅಪ್ಪನ ಬಡಾಯಿ, ಅವ್ವನ ಪ್ರಶ್ನೆ. ಆಮೇಲೆ ಒಂದೊಂದೇ ಹಿಂದೆ ಬಿದ್ದವು. ಕಿವಿಯಲ್ಲಿ ಗಾಳಿ ಮಾತ್ರ ಉಳಿಯಿತು. ತೋಳು ಕಿವಿಯನ್ನು ಸವರಿಕೊಂಡು ಮೇಲೆ ಹೋಯಿತು, ಬೆನ್ನಿನ ಒಂದೊಂದು ಎಲುಬೂ ತನ್ನ ಪಾಲಿನದನ್ನು ಬೆರಳ ತುದಿಗೆ ಕಳಿಸಿತು. ಚೆಂಡು ಬಿದ್ದದ್ದು ಅಲ್ಲೇ, ಅದೇ ಮೊಳೆಯ ನೇರಕ್ಕೆ, ಮದ್ದಳೆಯ ಚರ್ಮದ ಹಾಗೆ ಬಿಗಿದಿದ್ದ ಮ್ಯಾಟಿನ ಮೇಲೆ. ಬಿದ್ದು ಎದ್ದಿತು. ಅವತ್ತಿನಂತೆಯೇ, ಅವತ್ತಿಗಿಂತಲೂ ಜೋರಾಗಿ, ಗಂಟಲಿನ ಮಟ್ಟದಿಂದ ಮುಖಕ್ಕೆ. ಬಾಳಕೃಷ್ಣ ಕತ್ತು ಹಿಂದಕ್ಕೆ ಎಳೆದರು, ಚೆಂಡು ಟೋಪಿಯ ಅಂಚಿಗೆ ತಾಗಿ ಅದನ್ನು ಹಾರಿಸಿ, ಎಗರಿದ ಕೀಪರನ ಕೈಯನ್ನೂ ಮೀರಿ ಬೇಲಿಗೆ ಹೋಗಿ ಬಡಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರ ಬಾಯಿಯೂ ತೆರೆದೇ ಇತ್ತು. ಬಾಳಕೃಷ್ಣ ಬಗ್ಗಿ ಟೋಪಿ ಎತ್ತಿಕೊಂಡು, ಧೂಳು ಝಾಡಿಸಿ ಹಾಕಿಕೊಂಡರು. ಒಂದು ಹೆಜ್ಜೆಯೂ ಹಿಂದೆ ಸರಿಯದೆ ಅದೇ ಜಾಗದಲ್ಲಿ ನಿಂತರು. ಅವರನ್ನು ಹಾಗೆ ಕಂಡು ಉಳವಪ್ಪನಿಗೆ ಕಣ್ಣು ತುಂಬಿ ಬಂತು. ಅವನಿಗೆ ಆ ಮನುಷ್ಯನ ಮೇಲೆ ಅಷ್ಟೊಂದು ಪ್ರೀತಿ ಹುಟ್ಟಿತ್ತು, ಅದಕ್ಕಾಗಿಯೇ ಮುಂದಿನ ಚೆಂಡನ್ನು ಅವನು ಒಂದಿಷ್ಟೂ ಉಳಿಸಿಕೊಳ್ಳದೆ ಹಾಕಿದ.

ಅದು ನೆಟ್ಟಗೆ ಹೋಯಿತು. ಬ್ಯಾಟು ಕೆಳಗಿಳಿಯಿತು, ಆದರೆ ಅಷ್ಟರಲ್ಲಿ ನಡುವಿನ ಸ್ಟಂಪು ಬುಡಮೇಲಾಗಿ ಬಿದ್ದು ಉರುಳುತ್ತಿತ್ತು. ಆಗ ಎದ್ದಿತು ಕೂಗು! ಕೃಷ್ಣಾಜಿ ಓಡಿಬಂದು ಅವನನ್ನು ಎತ್ತಿಯೇ ಬಿಟ್ಟ. ಡೇರೆಯಲ್ಲಿ ಕುರ್ಚಿಯೊಂದು ಹಿಂದಕ್ಕೆ ಬಿತ್ತು. ಪೇಪರು ಓದುತ್ತಿದ್ದ ಆಯ್ಕೆಗಾರರು ಎದ್ದು ಗೆರೆಯವರೆಗೂ ಬಂದು ನಿಂತಿದ್ದರು. ಉಳವಪ್ಪ ಇದಾವುದನ್ನೂ ಸರಿಯಾಗಿ ನೋಡಲಿಲ್ಲ. ಅವನು ಬಾಳಕೃಷ್ಣರನ್ನು ನೋಡುತ್ತಿದ್ದ.

ಬಾಳಕೃಷ್ಣ ಡೇರೆಯ ಕಡೆ ಹೋಗಲಿಲ್ಲ. ಮ್ಯಾಟಿನ ಅಂಚಿಗೆ ನಡೆದು ಬಂದರು. ಆ ಜಾಗದಲ್ಲಿ ನಿಂತು ಬೂಟಿನಿಂದ ಒತ್ತಿದರು. ಆಮೇಲೆ ಗ್ಲೌಸು ಕಳಚಿ, ಪ್ಯಾಡು ಕಟ್ಟಿದ ಕಾಲನ್ನು ಕಷ್ಟದಿಂದ ಮಡಚಿ ಕೂತು, ಮೊಳೆಯ ತಲೆಗೆ ಉಗುರು ಕೊಟ್ಟು ಎಳೆದರು. ಅದು ಅಲ್ಲಾಡಲಿಲ್ಲ. ಇನ್ನೊಮ್ಮೆ ಎಳೆದರು. ಎದ್ದು ಅಂಪೈರರ ಬಳಿ ಹೋಗಿ ಕರವಸ್ತ್ರ ಇಸಿದುಕೊಂಡು, ಎಲ್ಲರೂ ನೋಡುತ್ತಿದ್ದಂತೆ, ಅವಸರವಿಲ್ಲದೆ ಹಲ್ಲು ಹಾಕಿಕೊಂಡರು. ಮಾತು ತೊದಲದೆ ಎಲ್ಲರಿಗೂ ಕೇಳಿಸಲೆಂದೇ ಹಾಕಿಕೊಂಡರೆಂದು ಉಳವಪ್ಪನಿಗೆ ಮರುಕ್ಷಣದಲ್ಲಿ ತಿಳಿಯಿತು.

“ಮೊಳಿ ಗಟ್ಟಿ ಐತಿ!” ಎಂದು ಬಾಳಕೃಷ್ಣ ಡೇರೆಯ ಕಡೆ ತಿರುಗಿ, ಮೈದಾನದ ಆ ತುದಿಗೆ ಕೇಳುವಂತೆ ಕೂಗಿದರು. “ಎಲ್ಲಾರೂ ಬಂದು ನೋಡ್ರಿ ಬೇಕಾದ್ರ. ಗಟ್ಟಿ ಐತಿ!”

ಅದರ ಅರ್ಥ ಉಳವಪ್ಪನ ಹೊರತು ಯಾರಿಗೂ ಆಗಲಿಲ್ಲ. ಔಟಾದ ಸಿಟ್ಟಿಗೆ ಮನುಷ್ಯ ಮ್ಯಾಟಿನಲ್ಲಿ ತಪ್ಪು ಹುಡುಕಾಡಿ ಸೋತಿದ್ದಾನೆ ಎಂದುಕೊಂಡು ಹಲವರು ನಕ್ಕರು. ಬಾಳಕೃಷ್ಣ ಉಳವಪ್ಪನನ್ನು ಹಾಯ್ದು ಹೋಗುವಾಗ ಬ್ಯಾಟಿನ ಹಿಡಿಯಿಂದ ಅವನ ಹೊಟ್ಟೆಗೆ ಮೆಲ್ಲನೆ ಚುಚ್ಚಿ, “ಹುಗ್ಗಿ ನಂದು,” ಎಂದಷ್ಟೇ ಹೇಳಿ ಹೋದರು.

ಹೊಸ ಬ್ಯಾಟುಗಾರ ಬರುತ್ತಿದ್ದ, ನಡೆಯುತ್ತಲೇ ಮ್ಯಾಟನ್ನು ಅನುಮಾನದಿಂದ ನೋಡುತ್ತಿದ್ದ. ಚೆಂಡು ಕೈಯಿಂದ ಕೈಗೆ ದಾಟಿ ಉಳವಪ್ಪನಿಗೆ ಬಂತು. ಓವರಿನಲ್ಲಿ ಇನ್ನೂ ಚೆಂಡುಗಳಿದ್ದವು. ಅವನು ಅದನ್ನು ಪ್ಯಾಂಟಿಗೆ ತಿಕ್ಕುತ್ತ ತನ್ನ ಗುರುತಿನ ಕಡೆ ನಡೆದ, ಗುರುತನ್ನು ದಾಟಿ ಇನ್ನೂ ಅಷ್ಟು ದೂರ ಹೋಗಿ ತಿರುಗಿ ನಿಂತ.